ಅತ್ತೆಗೆ ಉಳಿದ ಒಂದೇ ಮಾತು

ಮಸ್ಕಿಯ ನಮ್ಮ ಮನೆಯಲ್ಲಿ ಅತ್ತೆಗೆ ಲಕ್ವಾ ಹೊಡೆದು ಬಲಗೈ, ಬಲಗಾಲು ಬಿದ್ದವು. ಮಾತೆಲ್ಲ ಹೋಗಿ ಒಂದೇ ಒಂದು ಉಳಿಯಿತು: ಭಾಡ್ಯಾ. ಗಂಡಸರು ಜಗಳದಲ್ಲಿ ಆಡುವ ಬೈಗುಳ. ಲಿಂಗಪೂಜೆಯಾಗದೆ ಗುಟುಕು ನೀರು ಮುಟ್ಟದ ಹೆಂಗಸು, ಜನ್ಮದಲ್ಲಿ ಒಂದು ಕೆಟ್ಟ ಮಾತು ಆಡಿದವರಲ್ಲ. ಈಗ ಗಂಜಿ ಕುಡಿಸಿದರೂ ಭಾಡ್ಯಾ, ದಿಂಬು ಸರಿಸಿದರೂ ಭಾಡ್ಯಾ. ಅದು ಬಾಯಿಂದ ಬಿದ್ದೊಡನೆ ಅವರೇ ತಲೆ ತಗ್ಗಿಸುತ್ತಿದ್ದರು. ಡಾಕ್ಟರು ಮಾತ್ರ, ಯಾವ ಮಾತು ಬಂದರೂ ಬರಲಿ, ತಡೆಯಬೇಡಿ, ಅದರ ಹಿಂದೆಯೇ ಬೇರೆ ಮಾತುಗಳೂ ಬಂದಾವು ಎಂದು ಹೇಳಿ ಕಳಿಸಿದ್ದರು. ಹಾಗೇ ಆಯಿತು. ಎರಡು ತಿಂಗಳಿಗೆ 'ನೀರು' ಬಂತು. ನನ್ನ ಗಂಡ ಓಣಿಗೆಲ್ಲ ಹೇಳಿಕೊಂಡು ಬಂದರು.

ನಾನು ಸಿಂಧನೂರಿನಲ್ಲಿ ಬಿ.ಎಡ್ ಹುಡುಗರಿಗೆ ಮನಃಶಾಸ್ತ್ರ ಕಲಿಸುವವಳು. ಮಿದುಳಿನ ಪಾಠವೆಂದರೆ ನನಗೆ ಬಲು ಹುರುಪು. ಸತ್ತವರ ಹೃದಯವನ್ನು ಜೋಪಾನ ಮಾಡಿ ಮಿದುಳನ್ನು ಕಿತ್ತೆಸೆಯುತ್ತಿದ್ದ ಈಜಿಪ್ಟಿನವರು, ಮಿದುಳಿರುವುದು ರಕ್ತ ತಣ್ಣಗೆ ಮಾಡಲಿಕ್ಕೆ ಎಂದ ಗ್ರೀಕ್ ಪಂಡಿತ, ತಲೆಬುರುಡೆಯ ಉಬ್ಬು ಮುಟ್ಟಿ ಗುಣ ಹೇಳುತ್ತಿದ್ದ ಯುರೋಪಿನ ಜಾಣರು, ಒಬ್ಬೊಬ್ಬರನ್ನೂ ಹಾಸ್ಯ ಮಾಡಿ ತರಗತಿಯನ್ನು ನಗಿಸುತ್ತಿದ್ದೆ. ಆಮೇಲೆ ದನಿ ತಗ್ಗಿಸಿ ಫ್ರಾನ್ಸಿನ ಆ ರೋಗಿಯ ಕಥೆ. ಏನು ಕೇಳಿದರೂ ಅವನ ಬಾಯಲ್ಲಿ ಒಂದೇ ಸದ್ದು. ಸಿಟ್ಟು ಬಂದರೆ ಮಾತ್ರ ಒಂದು ಬೈಗುಳ. ಆದರೆ ಹೇಳಿದ್ದು ಅವನಿಗೆ ತಿಳಿಯುತ್ತಿತ್ತು. ಸತ್ತ ಮೇಲೆ ವೈದ್ಯ ತೆರೆದು ನೋಡಿದರೆ ಮಿದುಳಿನ ಎಡಗಡೆ, ಮುಂಭಾಗದಲ್ಲಿ, ಒಂದು ಜಾಗ ಹಾಳಾಗಿತ್ತು. ಮಾತಾಡುವುದಕ್ಕೂ ತಿಳಿಯುವುದಕ್ಕೂ ಜಾಗ ಬೇರೆ ಬೇರೆ ಎಂದು ಬೋರ್ಡಿನ ಮೇಲೆ ಬರೆದು ತೋರಿಸುತ್ತಿದ್ದೆ.

ಆ ಪಾಠವನ್ನೇ ಮಾಡಿ, ಬಸ್ಸು ಗೊರೇಬಾಳ ದಾಟಿದರೂ ಅದರ ಗುಂಗಿನಲ್ಲೇ ಇದ್ದು ಮನೆಗೆ ಬಂದ ಒಂದು ಸಂಜೆ, ಲಿಂಗಸುಗೂರಿನಿಂದ ನನ್ನ ಅಪ್ಪ ಅತ್ತೆಯನ್ನು ಮಾತಾಡಿಸಲು ಬಂದರು. ಕೈಯಲ್ಲಿ ಮೋಸಂಬಿ, ಬ್ರೆಡ್ಡು. ಬೀಗರು ಬಂದರೆ ಅತ್ತೆ ಬಾಗಿಲ ಮರೆಯಲ್ಲಿ ನಿಂತೇ ಕ್ಷೇಮ ಕೇಳಿ ಚಹಾಕ್ಕೆ ಇಡುತ್ತಿದ್ದವರು. ಆವತ್ತೂ ಎಡಗೈಯಿಂದ ತಲೆಗೆ ಸೆರಗು ಎಳೆದುಕೊಂಡರು. ಅಪ್ಪನ ಮುಖ ನೋಡಿ, ಅಡುಗೆಮನೆಯ ಕಡೆ ಕೈ ತೋರಿಸಿ, ಗಟ್ಟಿಯಾಗಿ 'ಭಾಡ್ಯಾ' ಎಂದರು.

ಕೈ ತೋರಿಸಿದ್ದನ್ನು ನಾನು ನೋಡಿದೆ. ಬೀಗರಿಗೆ ಚಹಾ ಮಾಡು ಎನ್ನುತ್ತಿದ್ದಾರೆ ಎಂದು ನನಗೆ ಚೆನ್ನಾಗಿಯೇ ತಿಳಿಯಿತು. ಆದರೆ ಅಪ್ಪನ ಮುಖ ಸಣ್ಣದಾಗಿತ್ತು. ಭೂಮಿ ಬಾಯಿ ಬಿಡಬಾರದೇ ಅನಿಸಿತು.

"ಅವ್ರಿಗೇನೂ ತಿಳಿಯಂಗಿಲ್ಲಪ್ಪಾ," ಅಂದುಬಿಟ್ಟೆ. "ತಲಿ ಪೂರಾ ಹೋಗ್ಯಾದ."

ಅತ್ತೆಯ ಕೈ ಮೆಲ್ಲಗೆ ಹಾಸಿಗೆಗೆ ಇಳಿಯಿತು.

ಮರುದಿನದಿಂದ ಅವರು ಬಾಯೇ ತೆರೆಯಲಿಲ್ಲ. 'ನೀರು' ಕೂಡ ಹೋಯಿತು. ಬಾಯಾರಿದರೆ ಚೆಂಬನ್ನು ಬೆರಳಿಂದ ತಟ್ಟುತ್ತಾರೆ. ಬೈಯುವುದು ನಿಂತಿತಲ್ಲ, ಇನ್ನು ಮಂದಿ ಬಂದುಹೋಗಲು ಛಲೋ ಆಯಿತು ಎಂದು ಓಣಿಯವರು ನನಗೆ ಸಮಾಧಾನ ಹೇಳುತ್ತಾರೆ. ಗಂಡ ಅವ್ವನ ಮುಂದೆ ಕೂತು, ನೀರು ಅನ್ನಬೇ ಎಂದು ಗೋಗರೆಯುತ್ತಾರೆ. ಬಂದ ಮಾತು ಯಾಕೆ ಹೋಯಿತು ಎಂದು ನನ್ನನ್ನೇ ಕೇಳುತ್ತಾರೆ, ಓದಿದವಳಲ್ಲವೇ ನಾನು. ಥೂ ನನ್ನ ಜನ್ಮಕ್ಕೆ. ಆ ಗ್ರೀಕ್ ಪಂಡಿತನನ್ನು ನೋಡಿ ನಗಲು ನನಗೆ ಯಾವ ಮುಖವಿದೆ? ಪಾಪ, ಅವನಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.

ಮೊನ್ನೆ ಎಲ್ಲರೂ ಹೊರಗೆ ಹೋದಾಗ ಅವರ ಹಾಸಿಗೆಯ ಅಂಚಿಗೆ ಕೂತೆ.

"ಅತ್ತೀ, ನಿಮಗ ಎಲ್ಲಾ ತಿಳೀತದಂತ ನನಗ ಗೊತ್ತಿತ್ತು. ಅಪ್ಪನ ಮುಂದ ಸುಳ್ಳು ಹೇಳಿದೆ. ನನಗ ಬೈರಿ. ಅದ ಮಾತಿಲೆ ಬೈರಿ."

ಅವರು ಸೆರಗನ್ನು ಬಾಯಿಗೆ ಕಚ್ಚಿಕೊಂಡು ಬಾಗಿಲ ಕಡೆ ನೋಡಿದರು. ಯಾರೂ ಇಲ್ಲರೀ, ಇಲ್ಲಿ ಯಾರ ಮುಂದೂ ನಾಚಿಕೊಳ್ಳಬೇಕಾಗಿಲ್ಲ ಎಂದೆ. ತಲೆ ಅಲ್ಲಾಡಿಸಿದರು. ಎಡಗೈ ಎತ್ತಿ, ನೀನಿದ್ದೀಯಲ್ಲ ಎನ್ನುವಂತೆ, ನನ್ನನ್ನೇ ತೋರಿಸಿದರು.