ನನ್ನ ಚಿಂತೆಗಳ ವಾರಸುದಾರ

ನನ್ನ ಅಂಗಿಯ ಎಡ ಜೇಬಿನಲ್ಲಿ ಸದಾ ಒಂದು ಸಣ್ಣ ಡೈರಿ ಇರುತ್ತಿತ್ತು. ಎದೆಯ ಮೇಲೆ ಹೊತ್ತುಕೊಂಡು ತಿರುಗುವಂಥ ಮಧುರವಾದದ್ದೇನೂ ಅದರಲ್ಲಿರಲಿಲ್ಲ. ಯಾವ ಊರಲ್ಲಿ ಏನು ಕೆಡಬಹುದು ಎನ್ನುವುದಷ್ಟೇ ಇತ್ತು. ಕುಡಿಯುವ ನೀರಿನ ಪೈಪು ಹಾಕುವ ಕಾಂಟ್ರಾಕ್ಟ್ ಕಂಪನಿಯೊಂದರಲ್ಲಿ ನಾನು ಪ್ರಾಜೆಕ್ಟ್ ಮ್ಯಾನೇಜರು. ಹೆಸರು ದೊಡ್ಡದು. ಕೆಲಸವೆಂದರೆ ಎಲ್ಲರಿಗಿಂತ ಮುಂಚೆ ಹೆದರುವುದು. ಜೆಸಿಬಿ ಕೆಡುವ ಮೊದಲೇ ಅದರ ರಿಪೇರಿಗೆ ಹೆದರಬೇಕು, ಮೋಡ ಕಾಣುವ ಮೊದಲೇ ಸಿಮೆಂಟಿನ ಮೂಟೆಗೆ ಹೆದರಬೇಕು. ಈ ವಿದ್ಯೆ ನನಗೆ ಹುಟ್ಟಿನಿಂದಲೇ ಬಂದದ್ದು. ಹಾಲು ಉಕ್ಕೀತೆಂದು ನಾನು ಮೊದಲೇ ಹೋಗಿ ಒಲೆ ಆರಿಸುವುದರಿಂದ, ಮದುವೆಯಾದಾಗಿನಿಂದ ಸರಿಯಾಗಿ ಕಾದ ಹಾಲನ್ನೇ ಕಂಡಿಲ್ಲ ಎಂದು ನನ್ನ ಹೆಂಡತಿ ಬಂದವರಿಗೆಲ್ಲ ಹೇಳುತ್ತಾಳೆ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ. ನಾಲ್ಕು ತಾಲ್ಲೂಕಿಗೆ ನಾವು ನಾಲ್ವರು ಮ್ಯಾನೇಜರುಗಳು. ನನ್ನ ವಾಸ ಮಧುಗಿರಿ, ಕೆಲಸ ಪಾವಗಡ. ಅದಕ್ಕೆ ಮೊದಲು ಉಳಿದ ಮೂರರಲ್ಲೂ ಸುತ್ತಿದ್ದರಿಂದ ಡೈರಿಯಲ್ಲಿ ಎಲ್ಲ ಕಡೆಯ ಭಯವೂ ಇತ್ತು. ಕೊರಟಗೆರೆ ಕಡೆಯ ಒಂದು ಊರಲ್ಲಿ ಶಾಲೆಯ ಹಿಂದೆ ಅರ್ಧ ಅಡಿಗೇ ಬಂಡೆ. ಶಿರಾ ಪೇಟೆಯ ಒಂದು ಗಲ್ಲಿಯಲ್ಲಿ ಶುಕ್ರವಾರ ಮಧ್ಯಾಹ್ನದ ನಮಾಜಿನ ಹೊತ್ತಿಗೆ ಗುಂಡಿ ಬಾಯಿ ತೆರೆದುಕೊಂಡಿರಬಾರದು. ಮಧುಗಿರಿ ಹತ್ತಿರದ ಒಂದು ಹೊಲದ ಬದುವಿನಲ್ಲಿ ಅಣ್ಣ ಒಪ್ಪಿದ ಅಂತ ತಿಳಿದರೆ ತಮ್ಮ ಒಪ್ಪುವುದಿಲ್ಲ. ಆದ್ದರಿಂದ ಮೊದಲು ತಮ್ಮನನ್ನೇ ಕೇಳಬೇಕು.

ಎಲ್ಲಕ್ಕಿಂತ ಹೆಚ್ಚು ಹಾಳೆ ತಿಂದದ್ದು ಪಾವಗಡದ ನಿಡುಗಲ್ ಕಡೆಯ ಒಂದು ಹಳ್ಳಿ. ಅಲ್ಲಿ ವರ್ಷಕ್ಕೊಮ್ಮೆ ಊರದೇವತೆ ಅಮ್ಮನ ಹೆಸರಲ್ಲಿ ಸಾರು ಹಾಕುತ್ತಾರೆ. ಸಂಜೆ ಒಬ್ಬ ತಮಟೆ ಬಡಿಯುತ್ತ ಬೀದಿ ಬೀದಿ ಸಾರಿ ಹೋದನೆಂದರೆ ಅಲ್ಲಿಂದ ಎಂಟು ದಿನ ಯಾರೂ ಒಗ್ಗರಣೆ ಹಾಕುವಂತಿಲ್ಲ, ಭೂಮಿಗೆ ಗುದ್ದಲಿ ತಾಗಿಸುವಂತಿಲ್ಲ. ಯಾವ ಮಂಗಳವಾರ ಸಾರುತ್ತಾರೆಂದು ಊರಿಗೇ ಎರಡು ದಿನ ಮುಂಚೆ ತಿಳಿಯುತ್ತದೆ. ತಮಟೆಯವನಿಗೆ ಮಾತ್ರ ಇನ್ನೂ ನಾಲ್ಕು ದಿನ ಮೊದಲು ಗೊತ್ತಿರುತ್ತದೆ. ಅದಕ್ಕೇ ನಾನು ವರ್ಷವೂ ಆ ಕಾಲಕ್ಕೆ ಎಲೆ ಅಡಿಕೆ ಹಿಡಿದು ಆತನ ಮನೆ ಮುಂದೆ ಕೂರುತ್ತಿದ್ದೆ. ತಿಳಿದು ಮಾಡುತ್ತಿದ್ದದ್ದಾದರೂ ಏನು? ಊರಿನ ಯಜಮಾನರ ಜಗಲಿಗೆ ಹೋಗಿ, ಒಂದೆರಡು ಬೀದಿಯನ್ನಾದರೂ ಬಿಟ್ಟುಕೊಡಿ ಎಂದು ಅಂಗಲಾಚುವುದು. ಅವರು ಟೀ ಕೊಡುತ್ತಿದ್ದರು, ಬೀದಿ ಕೊಡುತ್ತಿರಲಿಲ್ಲ. ನನ್ನ ಕೂಲಿಯವರು ಎಂಟು ದಿನ ನೆರಳಲ್ಲಿ ಮಲಗುತ್ತಿದ್ದರು. ನಾನು ಬಹಳ ಕೆಲಸ ಮಾಡಿದೆನೆಂದುಕೊಂಡು ಮನೆಗೆ ಬರುತ್ತಿದ್ದೆ.

ಹೀಗಿರುವಾಗ ಕಂಪನಿ ತಾನೇ ಯೋಚಿಸುವ ಕಂಪ್ಯೂಟರಿನ ಒಂದು ಹೊಸ ವ್ಯವಸ್ಥೆ ತಂದಿತು. ಇನ್ನು ಮುಂದೆ ಪ್ಲಾನನ್ನು ಅದೇ ಬರೆಯುತ್ತದೆ, ಏನು ಕೆಡಬಹುದೆಂದು ಅದೇ ಮೊದಲು ಹೇಳುತ್ತದೆ ಎಂದರು. ಅದರ ಬಾಲದಲ್ಲೇ ಇನ್ನೊಂದು ಮಾತೂ ಬಂತು: ನಾಲ್ವರು ಮ್ಯಾನೇಜರುಗಳ ಜಾಗದಲ್ಲಿ ಇಬ್ಬರು ಸಾಕು. ಯಾರು ಚೆನ್ನಾಗಿ ಹೊಂದಿಕೊಳ್ಳುತ್ತಾರೋ ಅವರು ಉಳಿಯುತ್ತಾರೆ. ಐವತ್ತೆರಡನೆಯ ವಯಸ್ಸಿಗೆ ಇನ್ನೆಲ್ಲಿ ಹೋಗುವುದು ಎಂಬ ಪ್ರಶ್ನೆಯನ್ನು ಡೈರಿಯಲ್ಲಿ ಬರೆಯಲಿಲ್ಲ. ಬರೆಯದಿದ್ದರೂ ಮರೆಯುವಂಥದ್ದಲ್ಲ ಅದು.

ನಾಲ್ವರಿಗೂ ಶಿರಾದ ಹೈವೇ ಪಕ್ಕದ ಹೋಟೆಲಿನ ಮಹಡಿಯಲ್ಲಿ ನಾಲ್ಕು ದಿನ ತರಬೇತಿ. ಕಲಿಸಲು ಬಂದ ಹೆಣ್ಣುಮಗಳು ತುಂಬ ಒಳ್ಳೆಯವಳು. ನಮ್ಮನ್ನು ಕಂಡು ಆಕೆಗೇ ಪಾಪ ಅನ್ನಿಸಿದಂತಿತ್ತು. ಮುಂದಿನ ಕಾಲದ ಮ್ಯಾನೇಜರಿಗೆ ಬೇಕಾದ ಕೌಶಲಗಳೆಂದು ಆಕೆ ಗೋಡೆಯ ಮೇಲೆ ಬಣ್ಣದ ಚೀಟಿಗಳನ್ನು ಅಂಟಿಸಿದಳು. ಅಂಕಿ-ಅಂಶ ಓದಲು ಬರಬೇಕು. ಯಂತ್ರಕ್ಕೆ ಪ್ರಶ್ನೆ ಕೇಳಲು ಬರಬೇಕು. ಬದಲಾವಣೆಯನ್ನು ಪ್ರೀತಿಸಬೇಕು. ಮನುಷ್ಯರ ಮನಸ್ಸು ಅರಿಯಬೇಕು. ಫ್ಯಾನಿನ ಗಾಳಿಗೆ 'ಬದಲಾವಣೆ' ಮಾತ್ರ ಮತ್ತೆ ಮತ್ತೆ ಉದುರುತ್ತಿತ್ತು. ಪ್ರತಿ ಸಲವೂ ಎದ್ದು ಹೋಗಿ ಅಂಟಿಸಿದವನು ನಾನೇ, ಅದಕ್ಕೂ ಮಾರ್ಕು ಇರಬಹುದೇನೋ ಎಂದು.

ಮನಸ್ಸು ಅರಿಯುವ ಪಾಠದಲ್ಲಿ ಇಬ್ಬಿಬ್ಬರಾಗಿ ಕೂತು ಎರಡು ನಿಮಿಷ ಒಬ್ಬರ ಕಣ್ಣನ್ನೊಬ್ಬರು ನೋಡಬೇಕಿತ್ತು. ನನಗೆ ಜೋಡಿಯಾದವನು ಶಿರಾದ ಮ್ಯಾನೇಜರು. ಅದೇ ಊರಿನ ಸಾಬರ ಮನೆತನದವನು, ಹಳೆಯ ಸ್ನೇಹಿತ, ನನಗಿಂತ ಮೂರು ವರ್ಷಕ್ಕೆ ಚಿಕ್ಕವನು. ಒಂದು ನಿಮಿಷ ನನ್ನ ಕಣ್ಣನ್ನೇ ದಿಟ್ಟಿಸಿದವನು ಮೆಲ್ಲಗೆ, "ಅಣ್ಣಾ, ಎಡಗಣ್ಣಿಗೆ ಪೊರೆ ಬಂದಂಗೈತೆ, ತೋರಿಸ್ಕೋ" ಎಂದ. ನಾಲ್ಕು ದಿನದಲ್ಲಿ ನನಗೆ ಪ್ರಯೋಜನಕ್ಕೆ ಬಂದ ಮಾತು ಅದೊಂದೇ. ಪೊರೆ ಬಂದಿದ್ದದ್ದು ನಿಜ.

ಕೊನೆಯ ದಿನ ಹೋಂವರ್ಕ್ ಕೊಟ್ಟರು. ನಿಮ್ಮ ತಲೆಯಲ್ಲಿರುವ ಅಪಾಯಗಳನ್ನೆಲ್ಲ ವ್ಯವಸ್ಥೆಗೆ ತುಂಬಿಸಿ. ಒಂದೊಂದು ಅಪಾಯಕ್ಕೂ ಊರು, ಕಾಲ, ಯಾರನ್ನು ಕೇಳಬೇಕು, ಹೊಣೆ ಯಾರದು, ಎಲ್ಲ ಬರೆಯಿರಿ. ಯಾರು ಎಷ್ಟು ಹಂಚಿಕೊಂಡರು ಎಂಬುದನ್ನೂ ನೋಡುತ್ತೇವೆ.

ಇಷ್ಟು ಹೇಳಿದ್ದೇ ತಡ, ನಾನು ಬದುಕಿಕೊಂಡೆ ಅನ್ನಿಸಿತು. ಬೇರೆಲ್ಲದರಲ್ಲೂ ಹಿಂದೆ ಇರಬಹುದು. ಹೆದರುವುದರಲ್ಲಿ ಈ ನಾಲ್ಕು ತಾಲ್ಲೂಕಿನಲ್ಲಿ ನನ್ನನ್ನು ಮೀರಿಸುವವರಿಲ್ಲ. ಮೂರು ವಾರ, ಬೆಳಿಗ್ಗೆ ಕಾಫಿಯಿಂದ ತಿಂಡಿಯವರೆಗೆ, ಒಂದೇ ಬೆರಳಲ್ಲಿ ಒತ್ತಿ ಒತ್ತಿ ಇಡೀ ಡೈರಿಯನ್ನು ತುಂಬಿಸಿದೆ. ನಾನೂರಕ್ಕೂ ಹೆಚ್ಚು ಸಾಲು. ತಮಟೆಯವನ ಫೋನ್ ನಂಬರನ್ನೂ ಬಿಡಲಿಲ್ಲ. ಹೊಣೆ ಯಾರದು ಎಂದಲ್ಲೆಲ್ಲ ನನ್ನ ಹೆಸರನ್ನೇ ಬರೆದೆ.

ಹೆಂಡತಿ ಮಗ್ಗುಲಲ್ಲಿ ಸೊಪ್ಪು ಬಿಡಿಸುತ್ತ ನೋಡುತ್ತಿದ್ದಳು. "ಅಲ್ಲಾರೀ, ನಿಮ್ಮ ಭಯಾನೆಲ್ಲ ಅದುಕ್ಕೇ ಕೊಟ್ಬುಟ್ರೆ ನೀವೇನು ಇಟ್ಕೊಂತೀರಿ?" ಎಂದಳು. ಹೊಸದು ಹುಟ್ಟುತ್ತೆ ಬಿಡು ಎಂದೆ. ಅದನ್ನು ಮಾತ್ರ ಆಕೆ ನಂಬಿದಳು.

ಶಿರಾದವನು ಬರೆದದ್ದು ಹನ್ನೊಂದೇ ಸಾಲು. ಇಷ್ಟೇನಾ ಭಾಯ್ ಎಂದು ಫೋನಿನಲ್ಲಿ ಕೇಳಿದೆ, ಸ್ವಲ್ಪ ಸಂತೋಷದಿಂದಲೇ. ತಾನು ಅದಕ್ಕೆ ಹೇಳುವುದಕ್ಕಿಂತ ಅದು ಹೇಳಿದ್ದನ್ನು ಓದಿ, ತಪ್ಪಿದ್ದಲ್ಲಿ ಗೀಟು ಹಾಕುತ್ತ ಕೂತಿದ್ದೇನೆ ಎಂದ. ಸೋಮಾರಿ ಎಂದುಕೊಂಡೆ. ಪಾಪ, ಕೆಲಸ ಕಳೆದುಕೊಳ್ಳುತ್ತಾನಲ್ಲ ಎಂದು ಅವನ ಬಗ್ಗೆಯೂ ಎರಡು ದಿನ ಚಿಂತೆ ಮಾಡಿದೆ.

ಅಮ್ಮನ ಸಾರಿನ ಕಾಲ ಬಂತು. ಪಾವಗಡದ ಮೇಸ್ತ್ರಿ ದಿನಾ ಬೆಳಿಗ್ಗೆ ಆರೂವರೆಗೆ ಫೋನ್ ಮಾಡಿ, "ಸಾ, ಇಂಗಾಗೋಯ್ತು" ಎಂದೇ ಮಾತು ಶುರು ಮಾಡುವವನು. ಎಷ್ಟೋ ವರ್ಷಗಳಿಂದ ಅದೇ ನನ್ನ ಸುಪ್ರಭಾತ. ಆ ವಾರ ಮೂರು ದಿನ ಅವನ ಫೋನಿಲ್ಲ. ಏನೋ ದೊಡ್ಡದೇ ಆಗಿದೆಯೆಂದು, ಎಲೆ ಅಡಿಕೆ ಕಟ್ಟಿಸಿಕೊಂಡು ಬೈಕ್ ಹತ್ತಿ ನಿಡುಗಲ್ ಕಡೆ ಹೊರಟೆ. ದಾರಿಯುದ್ದಕ್ಕೂ ಒಂದೇ ಸಮಾಧಾನ: ಯಂತ್ರ ಎಷ್ಟೇ ಬುದ್ಧಿವಂತವಾದರೂ ಜಗಲಿ ಮೇಲೆ ಕೂತು ಅಂಗಲಾಚಲು ಅದಕ್ಕೆ ಕುಂಡಿ ಬೇಕಲ್ಲ.

ಹಳ್ಳಿಯಲ್ಲಿ ಜೆಸಿಬಿ ಇರಲಿಲ್ಲ, ಮೇಸ್ತ್ರಿ ಇರಲಿಲ್ಲ, ಒಂದು ಆಳೂ ಇರಲಿಲ್ಲ. ತಮಟೆಯವನು ಮನೆ ಮುಂದೆ ತಮಟೆ ಕಾಯಿಸಲು ಸೌದೆ ಜೋಡಿಸುತ್ತಿದ್ದ. ಎಪ್ಪತ್ತು ದಾಟಿದ ಮುದುಕ. ತೆಲುಗು ಬೆರೆಸಿ ಮಾತಾಡುವ ಆತನಿಗೆ ನನ್ನನ್ನು ಕಂಡು ಆಶ್ಚರ್ಯ.

"ಏಮಿ ಸಾಮಿ, ಈ ಬಿಸಿಲಾಗೆ ಬಂದ್ಬುಟ್ಟೆ?"

ಸಾರು ಯಾವತ್ತು ಅಂತ ಕೇಳೋಣ ಅಂತ ಬಂದೆ ಎಂದೆ.

"ಅಯ್ಯೋ, ಮೊನ್ನೇನೆ ಕೇಳುದ್ರಲ್ಲಪ್ಪ. ಯಾವುದೋ ಹೆಣ್ಣು ಫೋನ್ನಾಗೆ. ಈ ಮಂಗಳವಾರ ಆದ್ರೆ ಒಂದು ಒತ್ತು, ಮುಂದಿನ ಮಂಗಳವಾರ ಆದ್ರೆ ಎರಡು ಒತ್ತು ಅಂದ್ಲು. ಒಂದು ಒತ್ತಿದೆ." ಕೈಲಿದ್ದ ಸೌದೆ ಪಕ್ಕಕ್ಕಿಟ್ಟು ಕೇಳಿದ: "ನಿಮ್ಮೋಳಾ?"

ನಮ್ಮೋಳೇ ಎಂದೆ. ಎಲೆ ಅಡಿಕೆ ಕೊಟ್ಟೆ. ತಗೊಂಡ. ಇಬ್ಬರೂ ಅಗಿಯುತ್ತ ಕೂತೆವು. ಬಾಯಿ ತುಂಬಿದ್ದರಿಂದ ಮಾತಾಡುವ ಕಷ್ಟ ತಪ್ಪಿತು.

ಅಲ್ಲಿಂದಲೇ ಮೇಸ್ತ್ರಿಗೆ ಫೋನ್ ಮಾಡಿದೆ. ಅವನು ಜನರನ್ನೂ ಜೆಸಿಬಿಯನ್ನೂ ಕರೆದುಕೊಂಡು ಶಿರಾ ತಾಲ್ಲೂಕಿನ ಗೌಡಗೆರೆಯಲ್ಲಿದ್ದ. ಅಲ್ಲಿ ಜನ ಸಾಲದೆ ಕೆಲಸ ನಿಂತಿತ್ತಂತೆ. ಸಾರು ಮುಗಿಯುವ ತನಕ ಅಲ್ಲಿ ಅಗೆದು, ಮಾರನೆಯ ದಿನ ವಾಪಸು ಬನ್ನಿ ಎಂದು ವ್ಯವಸ್ಥೆಯಿಂದ ಅವನ ಫೋನಿಗೇ ನೇರವಾಗಿ ಸೂಚನೆ ಬಂದಿತ್ತು. "ಒಂದಿನಾನೂ ವೇಸ್ಟ್ ಆಗಲ್ಲ ಕಣ್ಸಾ" ಎಂದ. ಅವನ ದನಿಯಲ್ಲಿ ಬಹಳ ನೆಮ್ಮದಿ ಇತ್ತು.

ಬೈಕನ್ನು ಹುಣಸೆ ಮರದ ಕೆಳಗೆ ನಿಲ್ಲಿಸಿ ಸುಮಾರು ಹೊತ್ತು ಯೋಚಿಸಿದೆ. ಇಷ್ಟು ವರ್ಷ ನಾವು ನಾಲ್ವರೂ ನಮ್ಮ ನಮ್ಮ ಜನರನ್ನು ಉಳುವ ಎತ್ತಿನ ಹಾಗೆ ಕಾಯ್ದುಕೊಂಡಿದ್ದೆವು. ನನ್ನ ಆಳುಗಳನ್ನು ಶಿರಾದವನಿಗೆ ಎಂಟು ದಿನ ಕೊಡುವುದು ನನಗೆ ಹೊಳೆದಿರಲಿಲ್ಲ, ಕೇಳುವುದು ಅವನಿಗೂ ಹೊಳೆದಿರಲಿಲ್ಲ. ಯಾರಿಗೂ ಅಂಗಲಾಚಬೇಕಾಗಿಯೇ ಇರಲಿಲ್ಲ. ನನ್ನ ದೊಡ್ಡ ಕೌಶಲವೆಂದು ನಾನು ತಿಳಿದಿದ್ದದ್ದು, ಬೇರೆ ದಾರಿ ಕಾಣದವನ ದೈನ್ಯ ಅಷ್ಟೇ ಆಗಿತ್ತು. ಯಂತ್ರ ತಪ್ಪು ಮಾಡಿದ್ದರೆ ಬೈದು ಹಗುರಾಗಬಹುದಿತ್ತು. ಅದು ನನ್ನದೇ ಸಾಲನ್ನು ಓದಿ, ನನಗಿಂತ ಸರಿಯಾದದ್ದನ್ನು ಮಾಡಿತ್ತು.

ಕೊನೆಗೆ ವಿಡಿಯೋ ಕಾಲಿನಲ್ಲಿ ಸಂದರ್ಶನ. ದೊಡ್ಡ ಸಾಹೇಬರು ಎಲ್ಲರಿಗೂ ಕೇಳಿದ್ದು ಒಂದೇ ಪ್ರಶ್ನೆ: ಈ ವ್ಯವಸ್ಥೆ ಮಾಡಲಾರದ ಯಾವುದನ್ನು ನೀವು ಮಾಡಬಲ್ಲಿರಿ? ಶಿರಾದವನು, ಅದು ಹೇಳಿದ್ದಕ್ಕೆ ಬೇಡ ಎನ್ನಬಲ್ಲೆ ಎಂದನಂತೆ. ಇಂಥ ಕಡೆ ಬೇಡ ಎಂದೆ, ಇಂಥ ಕಾರಣಕ್ಕೆ ಎಂದು ಮೂರು ಉದಾಹರಣೆಯನ್ನೂ ಕೊಟ್ಟನಂತೆ. ನನ್ನ ಬಾಯಿಂದ ಬಂದದ್ದು, "ನಾನು ಚೆನ್ನಾಗಿ ಹೆದರಬಲ್ಲೆ ಸಾರ್." ಅವರು ಬಗ್ಗಿ ಬರೆದುಕೊಂಡರು. ಏನು ಬರೆದುಕೊಂಡರೋ ಎಂದು ಈಗಲೂ ಕುತೂಹಲವಿದೆ.

ಒಂದೇ ದಿನ ಎರಡು ಪತ್ರ ಬಂದವು. ಮೊದಲನೆಯದು, ಅತಿ ಹೆಚ್ಚು ಜ್ಞಾನ ಹಂಚಿಕೊಂಡವನೆಂದು ನನಗೆ ಅಭಿನಂದನೆ. ಎರಡನೆಯದು, ತಿಂಗಳ ಕೊನೆಗೆ ನನ್ನ ಸೇವೆ ಸಾಕು. ಶಿರಾದವನೂ ಕೊರಟಗೆರೆಯವನೂ ಉಳಿದರು. ಮೊದಲನೆಯ ಪತ್ರಕ್ಕೆ ಹೆಂಡತಿ ಫ್ರೇಮ್ ಹಾಕಿಸಲಾ ಎಂದು ಕೇಳಿದಳು. ಗೇಲಿಯೋ ಪ್ರೀತಿಯೋ ತಿಳಿಯದೆ, ಬೇಡ ಎಂದೆ.

ಕೆಲಸ ಬಿಟ್ಟ ಮೂರನೆಯ ದಿನ ಮಧ್ಯಾಹ್ನ ಶಿರಾದವನ ಫೋನ್ ಬಂತು.

"ಅಣ್ಣಾ, ಇದೇನೋ ಕೇಳ್ತಾ ಐತೆ. ನಿನ್ನ ಹೆಸರಲ್ಲಿರೋ ನಾನೂರು ಚಿಲ್ರೆ ಅಪಾಯಕ್ಕೆ ಈಗ ಹೊಣೆಗಾರ ಇಲ್ವಂತೆ. ಎಲ್ಲಾ ನನ್ನ ಹೆಸರಿಗೆ ಹಾಕ್ಲಾ ಅಂತೈತೆ."

"ಹಾಕ್ಕೋ ಭಾಯ್."

"ಒಂದೊಂದೇ ಓದಿ ಹಾಕ್ಕೊಳ್ಳಬೇಕಾ?"

"ಓದ್ಬೇಡ. ಓದಿದ್ರೆ ನಿಂಗೂ ನಿದ್ದೆ ಬರಲ್ಲ. ಒಟ್ಟಿಗೆ ಒತ್ತು."

ಅವನ ಕಡೆ ಹೈವೇ ಲಾರಿಗಳ ಸದ್ದು ಕೇಳುತ್ತಿತ್ತು. ಆಮೇಲೆ, "ಆಗೋಯ್ತು ಅಣ್ಣಾ" ಎಂದ. ಕಣ್ಣು ತೋರಿಸಿಕೊಂಡೆಯಾ ಎಂದು ಕೇಳಿ ಫೋನಿಟ್ಟ.

ಹೊರಗೆ ಬಂದು ನಿಂತೆ. ಮಧುಗಿರಿ ಬೆಟ್ಟದ ನೆತ್ತಿಯ ಮೇಲೆ ಮೋಡ ಕಪ್ಪಾಗಿ ಕವಿದಿತ್ತು. ಪಾವಗಡದ ಸ್ಟೋರಿನಲ್ಲಿ ಸಿಮೆಂಟಿನ ಮೂಟೆಗೆ ಹೊದಿಸಿದ ಟಾರ್ಪಾಲಿನ ಬಡಗಣ ಮೂಲೆ ಹರಿದಿದೆ. ಅದು ನನಗೆ ಗೊತ್ತು. ತಡೆಯಲಾಗದೆ ಮೇಸ್ತ್ರಿಗೆ ಫೋನ್ ಮಾಡಿದೆ.

"ಬಂದೈತೆ ಸಾ, ಮೆಸೇಜು. ಆಗ್ಲೇ ಮುಚ್ಚುದ್ವಿ. ಆ ಹರಿದಿರೋ ಮೂಲೆ ಅಂತಾನೂ ಹಾಕೈತೆ," ಎಂದ. "ನೀವು ಆರಾಮಾಗಿರಿ ಸಾ ಇನ್ನ."

ಪ್ರೀತಿಯಿಂದಲೇ ಹೇಳಿದ. ಕೈ ಅಭ್ಯಾಸಬಲದಿಂದ ಎಡ ಜೇಬಿಗೆ ಹೋಯಿತು. ಡೈರಿಯನ್ನು ಅಲಮಾರಿಯಲ್ಲಿಟ್ಟು ಮೂರು ದಿನವಾಗಿತ್ತು. ಮೋಡ ಕೊರಟಗೆರೆ ಕಡೆಗೆ ಸರಿಯಿತು. ಕತ್ತಲಾಗುವವರೆಗೆ ಅಲ್ಲೇ ನಿಂತು ಕಾದೆ. ಮಳೆಯೂ ಬರಲಿಲ್ಲ.