ಕಂಪ್ಯೂಟರ್ ಹಗುರ ಮಾಡಿದ್ದು

ನಮ್ಮ ಮನೆಯ ಕಂಪ್ಯೂಟರಿಗೆ ಹನ್ನೊಂದು ವರ್ಷವಾಗಿತ್ತು. ಗುಂಡಿ ಒತ್ತಿ ಒಳಗೆ ಹೋಗಿ, ಚಹಾ ಮಾಡಿ ಕುಡಿದು, ಲೋಟ ತೊಳೆದಿಟ್ಟು ಬಂದರೂ ಅದು ಇನ್ನೂ ಕಣ್ಣು ಉಜ್ಜಿಕೊಳ್ಳುತ್ತಲೇ ಇರುತ್ತಿತ್ತು. ಹೊಸದು ಕೊಳ್ಳುವ ಮಾತನ್ನು ನಾನು ಎತ್ತಲಿಲ್ಲ. ಕಿತ್ತೂರಿನ ಕಾಲೇಜೊಂದರಲ್ಲಿ ಲ್ಯಾಬ್ ಸಹಾಯಕನಾಗಿರುವ ನನ್ನ ಪಗಾರಕ್ಕೆ ಅದು ನೀಗುವಂಥದ್ದಲ್ಲ. ಅದಕ್ಕಿಂತ ಹೆಚ್ಚಾಗಿ, ಕೆಟ್ಟದ್ದನ್ನು ಪುಕ್ಕಟೆಯಾಗಿ ಸರಿ ಮಾಡುವುದರಲ್ಲಿ ನನ್ನಂಥ ಜಾಣ ನಾವಿರುವ ಇಡೀ ಬೈಲಹೊಂಗಲದಲ್ಲಿ ಇಲ್ಲ ಎಂಬ ಸೊಕ್ಕು ನನಗಿತ್ತು.

ಆ ಕಂಪ್ಯೂಟರನ್ನು ಹೆಚ್ಚು ಬಳಸುತ್ತಿದ್ದವಳು ನನ್ನ ಹೆಂಡತಿ. ಅವಳ ತವರು ರಾಮದುರ್ಗ. ಅವಳ ಅವ್ವ, ನನ್ನ ಅತ್ತೆ, ಕಸೂತಿಯಲ್ಲಿ ಕೈ ಪಳಗಿದವರು. ನಮ್ಮ ಕಡೆಯ ಕಸೂತಿಗೆ ಬಟ್ಟೆಯ ಮೇಲೆ ಮೊದಲು ಚಿತ್ರ ಬರೆದುಕೊಳ್ಳುವ ಪದ್ಧತಿಯಿಲ್ಲ. ಬಟ್ಟೆಯ ಎಳೆ ಎಣಿಸಿಯೇ ಹಾಕಬೇಕು. ಗಂಟೂ ಹಾಕುವಂತಿಲ್ಲ. ಹೋದ ದಾರ ಅದೇ ದಾರಿ ಹಿಡಿದು, ಬಿಟ್ಟ ಸಂದುಗಳನ್ನು ತುಂಬುತ್ತ, ಹೊರಟಲ್ಲಿಗೇ ಬಂದು ಮುಟ್ಟಬೇಕು. ಎಲ್ಲಿ ಶುರು ಮಾಡಬೇಕು, ಎಲ್ಲಿ ಹೊರಳಬೇಕು ಎಂಬುದೇ ಅದರ ಗುಟ್ಟು. ಹಾಕಿ ಮುಗಿದ ಸೀರೆಯನ್ನು ನೋಡಿದರೆ ನವಿಲು ಕಾಣುತ್ತದೆ, ದಾರಿ ಕಾಣುವುದಿಲ್ಲ.

ಅತ್ತೆಯ ಕಣ್ಣು ಮಂದವಾದ ಮೇಲೆ ಆ ದಾರಿಯೆಲ್ಲ ಅವರ ಬಾಯಲ್ಲಿ ಮಾತ್ರ ಉಳಿಯಿತು. ಭಾನುವಾರ ಮಧ್ಯಾಹ್ನ ಅವರು ಫೋನಿನಲ್ಲಿ ಹೇಳುವರು, ಇವಳು ಟೈಪು ಮಾಡುವಳು.

"ಬಲಕ್ಕ ನಾಕ ಎಳಿ. ಮ್ಯಾಲ ನಾಕ. ಹೊಳ್ಳಿ ಎಡಕ್ಕ ಎಲ್ಡ. ಬರಕೊಂಡಿ?"

"ಬರಕೊಂಡ್ನೆವಾ, ಮುಂದ ಹೇಳ."

ಮೂರು ವರ್ಷ ಹೀಗೇ ನಡೆಯಿತು. ಗೋಪುರ, ತುಳಸಿಕಟ್ಟೆ, ಆನೆ, ನವಿಲು, ಒಂದೊಂದಕ್ಕೆ ಒಂದೊಂದು ಫೈಲು. ಮದುವೆಗೆ ಮುಂಚೆ ಟೈಪಿಂಗ್ ಕ್ಲಾಸಿನಲ್ಲಿ ಕಲಿತ ಹಳೆಯ ಕನ್ನಡ ತಂತ್ರಾಂಶವೇ ಅವಳಿಗೆ ಬೇಕು. ನನಗೋ ಕಂಪ್ಯೂಟರಿನಲ್ಲಿ ಕನ್ನಡ ಟೈಪು ಮಾಡಲು ಬರುವುದಿಲ್ಲ. ಅವಳು ಏನು ಬರೆಯುತ್ತಾಳೆಂದು ಒಂದು ದಿನವೂ ಬಗ್ಗಿ ನೋಡಿದವನಲ್ಲ. "ತಾಯಿ-ಮಗಳದು ಸುರು ಆತು" ಎಂದು ಚೇಷ್ಟೆ ಮಾಡಿ ಹೊರಗೆ ಹೋಗಿಬಿಡುತ್ತಿದ್ದೆ.

ಹೋದ ವರ್ಷ ಅತ್ತೆಗೆ ಲಕ್ವ ಹೊಡೆಯಿತು. ಹೆಂಡತಿ ಉಟ್ಟ ಸೀರೆಯಲ್ಲೇ ರಾಮದುರ್ಗಕ್ಕೆ ಹೋದಳು. ಎರಡು ದಿನ ಜೊತೆಗಿದ್ದು, ಕೆಲಸವಿದೆ ಎಂದು ನಾನು ಹೊರಟುಬಂದೆ. ಖಾಲಿ ಮನೆಯಲ್ಲಿ ಹೊತ್ತು ಹೋಗಲಿಲ್ಲ. ಅವಳು ಬರುವುದರೊಳಗೆ ಕಂಪ್ಯೂಟರನ್ನು ಚುರುಕು ಮಾಡಿಟ್ಟರೆ ಖುಷಿಪಟ್ಟಾಳು ಎನ್ನಿಸಿತು. ಇದು ನೆವವಲ್ಲ. ಆಗ ನಿಜವಾಗಿಯೂ ಹಾಗೇ ಅನ್ನಿಸಿತ್ತು.

ಕಂಪ್ಯೂಟರಿನ ಡಬ್ಬಿ ಬಿಚ್ಚಿ ಸೈಕಲ್ ಪಂಪಿನಿಂದ ಗಾಳಿ ಹೊಡೆದೆ. ಹಿಡಿ ತುಂಬ ಧೂಳು ಬಂತು. ಕಾಲೇಜಿನಲ್ಲಿ ಗುಜರಿಗೆ ತೆಗೆದಿಟ್ಟಿದ್ದ ಕಂಪ್ಯೂಟರಿನಿಂದ ಒಂದು ರ‍್ಯಾಮ್ ಪಟ್ಟಿಯನ್ನು ಪ್ರಿನ್ಸಿಪಾಲರನ್ನು ಕೇಳಿಯೇ ತಂದು ಕೂರಿಸಿದೆ. ಅಷ್ಟಕ್ಕೇ ನಿಲ್ಲಿಸಿದ್ದರೆ ನಾನು ಜಾಣನೇ ಆಗಿರುತ್ತಿದ್ದೆ. ಮೊಬೈಲಿನಲ್ಲಿ ಯಾರೋ ಹೇಳುವುದನ್ನು ನೋಡಿದೆ: ಬೇಡದ ತಂತ್ರಾಂಶಗಳನ್ನು ತೆಗೆಯಿರಿ, ಅನವಶ್ಯಕ ಫಾಂಟುಗಳನ್ನು ತೆಗೆಯಿರಿ, ಕಂಪ್ಯೂಟರ್ ಹಗುರಾಗುತ್ತದೆ. ಶುರುವಾಗುವಾಗಲೆಲ್ಲ ಮುಂದೆ ಬಂದು ನಿಲ್ಲುತ್ತಿದ್ದ ಆ ಹಳೆಯ ಕನ್ನಡ ತಂತ್ರಾಂಶವನ್ನು, ಅವಳಿಗೆ ಹೊಸದೊಂದನ್ನು ಹಾಕಿಕೊಟ್ಟರಾಯಿತೆಂದು, ಅದರ ಫಾಂಟುಗಳ ಸಮೇತ ಮೊದಲು ಕಿತ್ತು ಹಾಕಿದೆ.

ಮರುದಿನ ಜಾಗ ಖಾಲಿ ಮಾಡಲು ಫೈಲುಗಳನ್ನು ಒಂದೊಂದಾಗಿ ತೆಗೆದು ನೋಡುತ್ತ ಕುಳಿತೆ. ಒಂದು ಫೋಲ್ಡರಿನ ತುಂಬ ಅರ್ಥವಿಲ್ಲದ ಗೀಚು. ಇಂಗ್ಲಿಷ್ ಅಕ್ಷರಗಳ ತಲೆಯ ಮೇಲೆ ಟೊಪ್ಪಿಗೆ, ಕೆಳಗೆ ಬಾಲ, ನಡುನಡುವೆ ಚುಕ್ಕೆ. ನೋಡಿದ ಕೂಡಲೇ ವೈರಸ್ ಎಂದು ತೀರ್ಮಾನಿಸಿದೆ. ಇವಳು ಅರ್ಜಿ-ಗಿರ್ಜಿ ಪ್ರಿಂಟು ತೆಗೆಸಲು ಪೆನ್ ಡ್ರೈವನ್ನು ಬಜಾರಿನ ಝೆರಾಕ್ಸ್ ಅಂಗಡಿಗೆ ಒಯ್ಯುತ್ತಿದ್ದಳು. ಅಲ್ಲಿಂದಲೇ ಬಂದಿರಬೇಕು. ಫೋನು ಮಾಡಿ ಕೇಳೋಣವೆಂದು ಒಮ್ಮೆ ಕೈಗೆ ಎತ್ತಿಕೊಂಡೆ ಕೂಡ. ಆಸ್ಪತ್ರೆಯಲ್ಲಿರುವವಳಿಗೆ ಇದನ್ನೇನು ಕೇಳುವುದು ಎಂದು ನನಗೆ ನಾನೇ ಒಳ್ಳೆಯವನಾಗಿ ಕೆಳಗಿಟ್ಟೆ. ಫೋಲ್ಡರ್ ಅಳಿಸಿದೆ. ವೈರಸ್ ಉಳಿಯಬಾರದೆಂದು ಇಡೀ ಕಂಪ್ಯೂಟರನ್ನೂ, ಮೇಜಿನ ಮೇಲಿದ್ದ ಅವಳ ಪೆನ್ ಡ್ರೈವನ್ನೂ ಫಾರ್ಮ್ಯಾಟ್ ಮಾಡಿದೆ. ಸಂಜೆ ಗುಂಡಿ ಒತ್ತಿದರೆ ಅರ್ಧ ನಿಮಿಷದಲ್ಲಿ ಪರದೆ ಬಂತು. ಒಬ್ಬನೇ ಕೂತು ನಕ್ಕೆ.

ಇಪ್ಪತ್ತು ದಿನಗಳ ಮೇಲೆ ಹೆಂಡತಿ ಸವದತ್ತಿ ಮಾರ್ಗದ ಬಸ್ಸು ಹಿಡಿದು ಬಂದಳು. ಅತ್ತೆಯ ಜೀವ ಉಳಿದಿತ್ತು, ಮಾತು ಹೋಗಿತ್ತು. ಕೈಕಾಲು ತೊಳೆದವಳೇ ಕಂಪ್ಯೂಟರಿನ ಮುಂದೆ ಕುಳಿತಳು.

"ಏನ್ರೀ, ಅವ್ವನ್ವು ಎಲ್ಲಿ ಅದಾವ?"

ಆಗ ನಾನು ಆಡಿದ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ. "ನಿನಗ ಎಷ್ಟ ಸಲ ಹೇಳೇನಿ, ಕಂಡಕಂಡಲ್ಲೆ ಪೆನ್ ಡ್ರೈವ್ ಹಾಕಬ್ಯಾಡ ಅಂತ? ವೈರಸ್ ಹೊಕ್ಕು ಎಲ್ಲಾ ತಿಂದಿತ್ತು. ನಾ ನೋಡಿದ್ದಕ್ಕ ಕಂಪ್ಯೂಟರ್ ಆದ್ರೂ ಉಳೀತು." ನಿಜ ಹೇಳಬೇಕೆಂದರೆ, ಅದನ್ನು ನಾನು ಹಿಂದೆ ಒಂದು ಸಲವೂ ಹೇಳಿರಲಿಲ್ಲ. ಅವಳು ವಾದ ಮಾಡಲಿಲ್ಲ. "ನಂದ ತಪ್ಪಾತು" ಎಂದು ಎದ್ದುಹೋದಳು. ಆಮೇಲೆ ಆ ಕುರ್ಚಿಯಲ್ಲಿ ಅವಳು ಕೂರಲಿಲ್ಲ. ಅತ್ತೆಯ ಹಳೆಯ ಸೀರೆಯ ಸೆರಗು ಹರವಿಕೊಂಡು ಎಳೆ ಎಣಿಸುವಳು, ಬಟ್ಟೆ ಹೊರಳಿಸಿ ನೋಡುವಳು, ಶುರು ಎಲ್ಲೆಂದು ತಿಳಿಯದೆ ಮಡಿಚಿಡುವಳು. ನೋಡಿದಾಗೆಲ್ಲ ನನಗೆ ಅಯ್ಯೋ ಎನ್ನಿಸುತ್ತಿತ್ತು, ಅವಳ ಅಜಾಗರೂಕತೆಗೆ!

ನಾಲ್ಕು ತಿಂಗಳಾದ ಮೇಲೆ ಒಂದು ಅರ್ಜಿಯ ಪ್ರಿಂಟು ತೆಗೆಸಲು ನಾನು ಅದೇ ಝೆರಾಕ್ಸ್ ಅಂಗಡಿಗೆ ಹೋದೆ. ಅಂಗಡಿಯವರಿಗೆ ನನ್ನ ಗುರುತಿತ್ತು. "ನಿಮ್ಮ ಮನಿಯವರು ಪ್ರಿಂಟಿಗಂತ ಕೊಟ್ಟಿದ್ದೊಂದು ಫೈಲ ಪ್ರಿಂಟ್ ತಗೀದ ಹಂಗ ಇಲ್ಲೆ ಉಳದೈತ್ರಿ ಸರ, ಅಳಸಲೇನ್ರಿ?" ಎಂದು ತೆರೆದು ತೋರಿಸಿದರು. ಪರದೆಯ ತುಂಬ ಅದೇ ಟೊಪ್ಪಿಗೆ, ಅದೇ ಬಾಲ.

"ಅದನ್ನ ಮುಟ್ಟಬ್ಯಾಡ್ರಿ, ವೈರಸ್ ಐತಿ" ಎಂದೆ.

ಅವರು ನಕ್ಕರು. "ವೈರಸ್ ಎಲ್ಲೀದ್ರಿ ಸರ. ಫಾಂಟ್ ಬ್ಯಾರೆ ಐತಿ ಅಷ್ಟ." ಎಲ್ಲವನ್ನೂ ಆಯ್ದುಕೊಂಡು, ಪಟ್ಟಿಯಿಂದ ಒಂದು ಫಾಂಟಿನ ಹೆಸರನ್ನು ಒತ್ತಿದರು. ಗೀಚು ಹೋಗಿ ಕನ್ನಡ ಬಂತು. ನವಿಲು. ಬಲಕ್ಕೆ ನಾಲ್ಕು ಎಳೆ. ಮೇಲೆ ನಾಲ್ಕು. ಹೊಳ್ಳಿ ಎಡಕ್ಕೆ ಎರಡು.

ಅಲ್ಲೇ ಸ್ಟೂಲಿನ ಮೇಲೆ ಕುಳಿತೆ. ಫೈಲುಗಳಿಗೆ ಏನೂ ಆಗಿರಲಿಲ್ಲ. ಅವುಗಳನ್ನು ಓದಲು ಬೇಕಾದ ಅಕ್ಷರಗಳನ್ನು ನಾನೇ ಕಿತ್ತುಹಾಕಿ, ಓದಲು ಬರುತ್ತಿಲ್ಲವೆಂದು ನಾನೇ ಅಳಿಸಿದ್ದೆ.

ಪ್ರಿಂಟು ಹಿಡಿದು ಮನೆಗೆ ಬಂದೆ. ಅವಳು ಎರಡೂ ಕೈಯಲ್ಲಿ ತೆಗೆದುಕೊಂಡು ಓದಿದಳು. ಕಣ್ಣಲ್ಲಿ ನೀರು ಬಂತು. "ಅಲ್ಲೆ ಪೆನ್ ಡ್ರೈವ್ ಹಾಕಿದ್ದಕ್ಕ ಎಲ್ಲಾ ಹೋತು, ಅಲ್ಲೆ ಒಂದರ ಉಳೀತಲ್ರಿ" ಎಂದಳು. ಸುಮ್ಮನಿದ್ದುಬಿಡಬಹುದಿತ್ತು. ಸುಮ್ಮನಿದ್ದೆ ಕೂಡ, ಎರಡು ದಿನ. ಆ ಎರಡು ದಿನವೂ ಅವಳು ಆ ಅಂಗಡಿಯವರನ್ನು ಹೊಗಳಿದಳು, ತನ್ನನ್ನು ಬೈದುಕೊಂಡಳು. ಮೂರನೆಯ ದಿನ ಊಟಕ್ಕೆ ಕುಳಿತಾಗ ಎಲ್ಲ ಹೇಳಿದೆ.

ಬೈಯುತ್ತಾಳೆಂದುಕೊಂಡಿದ್ದೆ. ಬೈಯಲಿಲ್ಲ. ತಾಟನ್ನು ಬದಿಗೆ ಸರಿಸಿದಳು.

"ತಪ್ಪು ನಂದಂತ, ನಡುವ ರಾಮದುರ್ಗಕ್ಕ ಹೋದಾಗ, ನಾ ಅವ್ವನ ಮುಂದ ಕುಂತು ಅತ್ತು ಬಂದೇನ್ರಿ. ಕೇಳಿ ಅಕಿ ಮಾರಿ ಆ ಕಡೆ ತಿರುವಿದ್ಲು. ಈಗ ನೀವ ಬಂದು ಹೇಳ್ರಿ ಅಕಿಗೆ."

ಭಾನುವಾರ ಇಬ್ಬರೂ ರಾಮದುರ್ಗಕ್ಕೆ ಹೋದೆವು. ಅತ್ತೆ ದಿಂಬಿಗೆ ಒರಗಿದ್ದರು. ಮಗಳು ಅವರಿಗೆ ಚಹಾ ಕುಡಿಸುವುದು ಮುಗಿಯುವವರೆಗೆ ಕಾದು, ಹತ್ತಿರ ಕುಳಿತು ಹೇಳಿದೆ. "ಅತ್ತಿ, ನಿಮ್ಮ ಮಗಳ್ದು ಏನೂ ತಪ್ಪಿಲ್ರಿ. ನಿಮ್ಮ ಕಸೂತಿ ಎಣಿಕಿ ಎಲ್ಲಾ ನಾನ ಅಳಿಸೇನ್ರಿ. ಅಳಿಸಿ ಅಕಿ ಮ್ಯಾಲ ಹಾಕೇನಿ." ಫಾಂಟು, ವೈರಸ್ ಯಾವುದನ್ನೂ ಹೇಳಲಿಲ್ಲ. ಅವು ಅವರಿಗೆ ಬೇಕಾಗಿರಲಿಲ್ಲ.

ಅತ್ತೆ ನನ್ನ ಕಡೆ ತಿರುಗಲಿಲ್ಲ. ಸ್ವಾಧೀನದಲ್ಲಿದ್ದ ಎಡಗೈಯಿಂದ ಹಾಸಿಗೆಯ ಮೇಲೆ ತಡಕಾಡಿದರು. ಮಗಳ ಕೈ ಸಿಕ್ಕಿತು. ಅದನ್ನು ಹಿಡಿದು ಎಳೆದುಕೊಂಡು, ಅವಳ ತಲೆಯನ್ನು ಎದೆಗೆ ಒತ್ತಿಕೊಂಡು ನೇವರಿಸತೊಡಗಿದರು, ಸಣ್ಣ ಮಗುವನ್ನು ಸುಮ್ಮನೆ ಬೈದವರು ಆಮೇಲೆ ನೇವರಿಸುವ ಹಾಗೆ. ಅವಳು ನಾಲ್ಕು ತಿಂಗಳದ್ದನ್ನೆಲ್ಲ ಅಲ್ಲೇ ಅತ್ತಳು. ನಾನು ಖಾಲಿ ಚಹಾ ಲೋಟ ಎತ್ತಿಕೊಂಡು ಒಳಗೆ ಹೋಗಿ, ಅದನ್ನು ತೊಳೆಯುತ್ತ ನಿಂತೆ.