ಹೊಸ ಎಣ್ಣೆಯ ಗೆರೆ

ನನ್ನ ಬಲಗಣ್ಣಿನ ಪರದೆಯ ನಟ್ಟನಡುವೆ ಸಣ್ಣದೊಂದು ತೂತು ಬಿದ್ದಿದೆ ಎಂದು ಮಣಿಪಾಲದ ಡಾಕ್ಟರು ಹೇಳಿದಾಗ ನಾನು ಕೇಳಿದ ಮೊದಲ ಪ್ರಶ್ನೆ ಕಾರಿನ ಬಗ್ಗೆ. ಆಪರೇಷನ್ ಮಾಡಿ ಕಣ್ಣೊಳಗೆ ಗ್ಯಾಸ್ ತುಂಬಿಸುತ್ತಾರಂತೆ. ಅದು ಕರಗಿ ನೋಟ ಕುದುರುವವರೆಗೆ, ಅಂದರೆ ಎರಡು ಮೂರು ತಿಂಗಳು, ಸ್ಟೀರಿಂಗ್ ಮುಟ್ಟುವ ಹಾಗಿಲ್ಲ. “ಅಷ್ಟು ದಿನ ನಿಂತರೆ ಕಾರಿಗೆ ಏನಾಗುತ್ತದೆ?” ಎಂದೆ. ಡಾಕ್ಟರು ನನ್ನ ಹೆಂಡತಿಯ ಮುಖ ನೋಡಿದರು. “ಇವರು ಹಾಗೆಯೇ, ಬಿಡಿ” ಎಂದಳು ಅವಳು.

ಕಣ್ಣಿನ ಬಗ್ಗೆ ಚಿಂತಿಸುವ ಧೈರ್ಯವಿಲ್ಲದೆ ಕಾರಿನ ಬಗ್ಗೆ ಚಿಂತಿಸುತ್ತಿದ್ದೇನೆ ಎಂಬುದು ನನಗೂ ಗೊತ್ತಿತ್ತು. ನಿಜವಾದ ಹೆದರಿಕೆ ಎಡಗಣ್ಣಿನದು. ಇನ್ನೊಂದು ಕಣ್ಣಿಗೂ ಹೀಗಾಗುವ ಸಾಧ್ಯತೆ ಸ್ವಲ್ಪ ಇದೆ ಎಂದಿದ್ದರು ಡಾಕ್ಟರು. ಆ ‘ಸ್ವಲ್ಪ’ ನನ್ನ ಕಿವಿಗೆ ಬೀಳಲೇ ಇಲ್ಲ. ತೂತು ಬಿದ್ದ ಕಣ್ಣಿಗೆ ನೆಟ್ಟಗಿದ್ದದ್ದು ಡೊಂಕಾಗಿ ಕಾಣುತ್ತದೆ, ನಡುಭಾಗ ಕಾಣುವುದೇ ಇಲ್ಲ. ಹಾಗಾಗಿ ಕಾಪುವಿನ ನಮ್ಮ ಅಂಗಳದಲ್ಲಿ ಬಲಗಣ್ಣು ಮುಚ್ಚಿ ನಿಂತು, ಎದುರಿನ ಕರೆಂಟು ಕಂಬವನ್ನು ದಿನಕ್ಕೆ ಇಪ್ಪತ್ತು ಸಲ ನೋಡುತ್ತಿದ್ದೆ. ಕಂಬ ನಿಜಕ್ಕೂ ಸ್ವಲ್ಪ ವಾಲಿದೆ. ಅದನ್ನು ಖಚಿತಪಡಿಸಲು ಪಕ್ಕದ ಮನೆಯವರು ಮೂರು ಸಲ ಹೊರಗೆ ಬರಬೇಕಾಯಿತು.

ಆಪರೇಷನ್ನಿಗೆ ನಾಲ್ಕು ದಿನ ಇರುವಾಗ ಕಾರಿನ ಎಣ್ಣೆ ಬದಲಿಸಲು ಉಚ್ಚಿಲದಿಂದ ಮೆಕ್ಯಾನಿಕ್ ಬಂದರು. ನನ್ನದೇ ಪ್ರಾಯದ ಬ್ಯಾರಿ ಮುಸ್ಲಿಮರು. ಗಲ್ಫಿನ ಗ್ಯಾರೇಜಿನಲ್ಲಿ ಬಹಳ ವರ್ಷ ದುಡಿದು ಬಂದವರು. ಮಳೆಗಾಲಕ್ಕೆ ದೋಣಿಗಳು ದಡ ಸೇರುವ ಸಮಯ. ಹೆಜಮಾಡಿಯಲ್ಲಿ ಅವುಗಳ ಇಂಜಿನ್ನುಗಳಿಗೆ ಎಣ್ಣೆ ಬದಲಿಸಿ ಒಳಗಿಡುವ ಕೆಲಸದ ನಡುವೆ ಬಿಡುವು ಮಾಡಿಕೊಂಡಿದ್ದರು.

“ಎಣ್ಣೆ ಬದಲಿಸಲೇಬೇಕಾ? ದಿನಾ ಐದು ನಿಮಿಷ ಸ್ಟಾರ್ಟ್ ಮಾಡಿದರೆ ಸಾಕಲ್ವಾ?” ಎಂದೆ.

“ಅದನ್ನೇ ಮಾಡಬೇಡಿ ಮಾರಾಯ್ರೆ. ಐದು ನಿಮಿಷದಲ್ಲಿ ಇಂಜಿನ್ ಬೆವರುತ್ತದೆ, ಬೆವರು ಆರುವುದಿಲ್ಲ. ಹಳೇ ಎಣ್ಣೆಯಲ್ಲಿ ನೀರು, ಮಸಿ, ಆಸಿಡ್ ಎಲ್ಲ ಉಂಟು. ಸುಮ್ಮನೆ ನಿಂತರೆ ಅದು ಒಳಗಿಂದ ತಿನ್ನುತ್ತದೆ.”

“ಇವರ ತಲೆಯೊಳಗಿನದ್ದನ್ನೂ ಒಮ್ಮೆ ಇಳಿಸಿ ಕೊಡುತ್ತೀರಾ?” ಎಂದಳು ಹೆಂಡತಿ.

“ಅದಕ್ಕೆ ನನ್ನ ಟ್ರೇ ಸಾಲದು, ಅಕ್ಕ.”

ಅವರು ಇಂಜಿನ್ ಬೆಚ್ಚಗಾಗಿಸಿ, ಟ್ರೇ ಹಿಡಿದು ಕಾರಿನಡಿ ತೂರಿಕೊಂಡು ಬೋಲ್ಟು ಸಡಿಲಿಸಿದರು. ಕಪ್ಪು ಎಣ್ಣೆ ಮೊದಲು ದಪ್ಪ ಧಾರೆಯಾಗಿ, ಆಮೇಲೆ ನೂಲಿನಂತೆ, ಕೊನೆಗೆ ಹನಿಹನಿಯಾಗಿ ಬಿತ್ತು. ನಾನು ಪಾಠ ಮಾಡಲು ಕಾರ್ಕಳದ ಕಾಲೇಜಿಗೆ ಹೋಗಿ ಬಂದ ದಿನಗಳೆಲ್ಲ ಆ ಟ್ರೇಯಲ್ಲಿ ಬಂದು ನಿಂತ ಹಾಗಿತ್ತು. ಫಿಲ್ಟರ್ ಬದಲಿಸಿ, ಬೋಲ್ಟು ಬಿಗಿದು ಅವರು ಹೊಸದನ್ನು ಸುರಿದರು. ತಿಳಿಯೆಂದರೆ ತಿಳಿ, ಧಾರೆಯ ಆಚೆಗೆ ಅವರ ಬೆರಳಿನ ಉಗುರು ಕಾಣುತ್ತಿತ್ತು. ಕೊನೆಯ ಹನಿಯನ್ನು ನನ್ನ ಬೆರಳಿಗೆ ಸವರಿ, “ಉಜ್ಜಿ ನೋಡಿ. ಇದು ನಡುವೆ ಇದ್ದರೆ ಕಬ್ಬಿಣಕ್ಕೆ ಕಬ್ಬಿಣ ತಾಗುವುದಿಲ್ಲ” ಎಂದರು. ಉಜ್ಜಿದೆ. ಎರಡು ಬೆರಳುಗಳ ನಡುವೆ ಏನೋ ಇತ್ತು, ಏನೂ ಇದ್ದಂತಿರಲಿಲ್ಲ. ಇಷ್ಟು ವರ್ಷ ನನ್ನನ್ನು ಹೊತ್ತು ತಿರುಗಿದ್ದು ಇದೇ! ಟಯರು, ಬ್ರೇಕು, ಎದುರಿನ ಬಸ್ಸು ಎಲ್ಲದಕ್ಕೂ ಹೆದರಿದ್ದೇನೆ; ಇದೊಂದಕ್ಕೆ ಹೆದರಬೇಕೆಂದು ಯಾರೂ ಹೇಳಿರಲಿಲ್ಲ.

ಇಂಜಿನ್ ಸ್ವಲ್ಪ ಹೊತ್ತು ಓಡಿಸಿ ನಿಲ್ಲಿಸಿದರು. ಎಣ್ಣೆ ಕೆಳಗಿಳಿಯಲೆಂದು ಕಾದು, ಅಳತೆಯ ಕಡ್ಡಿ ಎಳೆದು ಒರೆಸಿ, ಮತ್ತೆ ಅದ್ದಿ ನನ್ನ ಕೈಗೆ ಕೊಟ್ಟರು. “ಎಲ್ಲಿಯವರೆಗೆ ಉಂಟು, ನೀವೇ ನೋಡಿ.”

ಬಲಗಣ್ಣು ಮುಚ್ಚಿ ನೋಡಿದೆ. ಕಡ್ಡಿ ಕಂಡಿತು, ಅದರ ತುದಿಯ ಎರಡು ಗುರುತುಗಳೂ ಕಂಡವು. ಎಣ್ಣೆ ಕಾಣಲಿಲ್ಲ. ಹತ್ತಿರ ಹಿಡಿದೆ, ದೂರ ಹಿಡಿದೆ. ಬರೀ ಕಬ್ಬಿಣ. ಸರಿ, ಇದೂ ಹೋಯಿತು. ಪಾಠ, ಪುಸ್ತಕ, ಹೆಂಡತಿಯ ಮುಖ, ಇನ್ನು ಯಾವುದೂ ಇಲ್ಲ ಅಂದುಕೊಂಡೆ.

“ಎಂತ ಆಯ್ತು?”

“ಏನೂ ಕಾಣುವುದಿಲ್ಲ” ಎಂದೆ.

ಅವರು ಕಡ್ಡಿ ತೆಗೆದುಕೊಂಡು ಕಣ್ಣು ಕಿರಿದು ಮಾಡಿದರು. “ನನಗೂ ಕಾಣುವುದಿಲ್ಲ.”

“ನಿಮಗೂ?”

“ಯಾರಿಗೂ ಕಾಣುವುದಿಲ್ಲ ಮಾರಾಯ್ರೆ! ಹೊಸ ಎಣ್ಣೆ ಅಷ್ಟು ತಿಳಿ. ನೇರ ನೋಡಬಾರದು, ಓರೆ ಮಾಡಿ ಬೆಳಕಿಗೆ ಹಿಡಿಯಬೇಕು. ಹೀಗೆ.”

ನನ್ನ ಕೈ ಹಿಡಿದು ಕಡ್ಡಿಯನ್ನು ಪಡುವಣದ ಮೋಡದ ಕಡೆಗೆ ಓರೆಯಾಗಿಸಿದರು. ಒಮ್ಮೆಲೇ ಕಡ್ಡಿ ಎರಡು ಭಾಗವಾಯಿತು. ಕೆಳಗೆ ಹೊಳಪು, ಮೇಲೆ ಮಂಕು. ನಡುವೆ, ಮೇಲಿನ ಗುರುತಿಗೆ ಸ್ವಲ್ಪ ಕೆಳಗೆ, ಕೂದಲಿನಷ್ಟು ಸಣ್ಣ ಗೆರೆ. ಆ ತೆಳು ಹೊಳಪಿನಲ್ಲಿ ಮೋಡ ಕೂಡ ಇತ್ತು. ನನ್ನ ಎಡಗಣ್ಣಿಗೆ ಅಷ್ಟೂ ಕಂಡಿತು.

ಕಡ್ಡಿ ಒರೆಸಿ, ಅದ್ದಿ, ಮತ್ತೆ ನೋಡಿದೆ. ಮತ್ತೊಮ್ಮೆ. ನಾಲ್ಕನೆಯ ಸಲ ಹೆಂಡತಿ ಅದನ್ನು ನನ್ನ ಕೈಯಿಂದ ಕಸಿದುಕೊಂಡಳು. ಇಂಜಿನ್ನಿನೊಳಗೆ ಹಾಕಿಬಿಡುತ್ತಾಳೆ ಎಂದುಕೊಂಡೆ. ಅವಳು ಒಂದು ಕಣ್ಣು ಮುಚ್ಚಿ ಕಡ್ಡಿಯನ್ನು ಆಕಾಶಕ್ಕೆ ಹಿಡಿದಳು. ಗೆರೆ ಕಂಡ ಮೇಲೆ ಆ ಕಣ್ಣು ತೆರೆದು, ಇನ್ನೊಂದನ್ನು ಮುಚ್ಚಿ, ಮತ್ತೆ ಹಿಡಿದಳು.